ನರಿಯೂ ಭೇರಿಯೂ: ಪ್ರಾಣಿಕಥೆಗಳು ಮತ್ತು ಶಬ್ದಕಲೆಯ ಪ್ರಯೋಗಗಳು

ಪಂಚತಂತ್ರದ ಮೊದಲನೆಯ ತಂತ್ರವನ್ನು ಓದಿದವರಿಗೆ ಪಿಂಗಲಕನೆಂಬ ಸಿಂಹದ ನೆನಪಿರಬಹುದು. ನೀರು ಕುಡಿಯಲೆಂದು ಯಮುನೆಯ ದಡಕ್ಕೆ ಹೊರಟ ಈ ಮೃಗರಾಜನು ದೂರದಿಂದ ಬಂದ ಒಂದು ಭಾರಿ ಗುಟುರನ್ನು ಕೇಳಿ, ನೀರನ್ನು ಮುಟ್ಟದೆಯೇ ಹಿಂದಿರುಗಿಬಿಟ್ಟನು. ಗುಟುರು ಹಾಕಿದ್ದು ಸಂಜೀವಕನೆಂಬ ಒಂದು ಎತ್ತು. ಒಡೆಯನು ಕಾಡಿನಲ್ಲಿ ಬಿಟ್ಟುಹೋಗಿದ್ದ ಒಂದು ಸಾಧು ಪ್ರಾಣಿ. ಆದರೆ ಕಾಡಿನಲ್ಲಿಯೇ ಬೆಳೆದ ಸಿಂಹಕ್ಕೆ ಆ ಶಬ್ದದ ಪರಿಚಯವಿರಲಿಲ್ಲ. ಶಬ್ದವು ಕಿವಿಗೆ ಬಿದ್ದಿತು, ಶಬ್ದ ಮಾಡಿದವನು ಕಣ್ಣಿಗೆ ಬೀಳಲಿಲ್ಲ. ಅಷ್ಟರಿಂದಲೇ ರಾಜನ ಧೈರ್ಯವು ಕುಸಿಯಿತು.

ಆಗ ದಮನಕನೆಂಬ ನರಿಯು ಅವನಿಗೆ ಇನ್ನೊಂದು ಕಥೆಯನ್ನು ಹೇಳುತ್ತದೆ. ಹಸಿದ ಗೋಮಾಯುವೊಂದು ಯುದ್ಧ ಮುಗಿದ ರಣಭೂಮಿಯ ಬಳಿ ಅಲೆಯುತ್ತಿರುವಾಗ ಭಯಂಕರವಾದ ಶಬ್ದವೊಂದು ಕೇಳಿಸಿತು. ನರಿಯು ಮೊದಲು ನಡುಗಿತು. ಆಮೇಲೆ, ಓಡುವುದಕ್ಕೆ ಮುಂಚೆ ಇದೇನೆಂದು ನೋಡೋಣವೆಂದು ಮೆಲ್ಲನೆ ಹತ್ತಿರ ಹೋಯಿತು. ಅಲ್ಲಿದ್ದುದು ಸೈನಿಕರು ಬಿಟ್ಟುಹೋಗಿದ್ದ ಒಂದು ಭೇರಿ. ಗಾಳಿ ಬೀಸಿದಾಗಲೆಲ್ಲ ಗಿಡದ ರೆಂಬೆಯ ತುದಿ ಅದರ ಚರ್ಮಕ್ಕೆ ಬಡಿಯುತ್ತಿತ್ತು. ಭಯವು ಹೋಯಿತು, ಆಸೆ ಹುಟ್ಟಿತು. ಇಷ್ಟು ದೊಡ್ಡ ಶಬ್ದ ಮಾಡುವ ಈ ದೇಹದೊಳಗೆ ಮಾಂಸವೂ ಕೊಬ್ಬೂ ಎಷ್ಟಿರಬೇಕು! ನರಿಯು ಕಷ್ಟಪಟ್ಟು ಚರ್ಮವನ್ನು ಕಡಿದು ಒಳಹೊಕ್ಕಿತು. ಒಳಗೆ ಸಿಕ್ಕಿದ್ದು ಮರ ಮತ್ತು ಬರಿಯ ಪೊಳ್ಳು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ನೀತಿಯ ಪಾಠವೆಂದು ಓದುತ್ತೇವೆ. ಈ ಲೇಖನದಲ್ಲಿ ಅದನ್ನು ಶಬ್ದಶಾಸ್ತ್ರದ ಪಾಠವೆಂದು ಓದಿ ನೋಡೋಣ. ಇಪ್ಪತ್ತನೆಯ ಶತಮಾನದಲ್ಲಿ ಸಂಗೀತವಾದ್ಯಗಳನ್ನು ಬದಿಗಿಟ್ಟು, ರೈಲು, ಗಂಟೆ, ಬಾಗಿಲು, ಪ್ರಾಣಿಗಳ ಕೂಗು ಮುಂತಾದ ಶಬ್ದಗಳನ್ನೇ ಕಚ್ಚಾವಸ್ತುವಾಗಿ ಮಾಡಿಕೊಂಡ ಹೊಸ ಕಲೆಯೊಂದು ಬೆಳೆಯಿತು. ಅದನ್ನು ಶಬ್ದಕಲೆ ಎಂದು ಕರೆಯಬಹುದು. ಆ ಕಲಾವಿದರು ಎದುರಿಸಿದ ಮೂಲ ಪ್ರಶ್ನೆಯು ಗೋಮಾಯುವಿನ ಪ್ರಶ್ನೆಯೇ ಆಗಿತ್ತು: ಶಬ್ದದ ಮೂಲವು ಕಾಣದಿರುವಾಗ ನಾವು ಕೇಳುವುದು ಏನನ್ನು?

ದೊಡ್ಡ ಶಬ್ದ, ದೊಡ್ಡ ದೇಹ

ಮೊದಲು ನರಿಯ ತರ್ಕವನ್ನು ಪರೀಕ್ಷಿಸೋಣ. ಗಂಭೀರವಾದ ಮಂದ್ರ ಶಬ್ದವನ್ನು ಕೇಳಿ ಅದು ದೊಡ್ಡ ಪ್ರಾಣಿಯೆಂದು ಊಹಿಸಿದುದು ಮೂರ್ಖತನವಲ್ಲ. ಅದರ ಹಿಂದೆ ಭೌತಶಾಸ್ತ್ರದ ಬಲವುಂಟು.

ಬಿಗಿದ ವೃತ್ತಾಕಾರದ ಚರ್ಮವು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುವುದೆಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಚರ್ಮದ ಬಿಗಿತ, ಅದರ ದಪ್ಪ ಅಥವಾ ತೂಕ, ಮತ್ತು ವೃತ್ತದ ತ್ರಿಜ್ಯ. ಬಿಗಿತವೂ ಚರ್ಮವೂ ಒಂದೇ ಆಗಿದ್ದರೆ ಕಂಪನಾಂಕವು ತ್ರಿಜ್ಯಕ್ಕೆ ವಿಲೋಮವಾಗಿರುತ್ತದೆ. ಅಂದರೆ ತ್ರಿಜ್ಯವನ್ನು ಇಮ್ಮಡಿ ಮಾಡಿದರೆ ಕಂಪನಾಂಕವು ಅರ್ಧಕ್ಕಿಳಿದು, ಸ್ವರವು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಸಣ್ಣ ತಮಟೆಗಿಂತ ದೊಡ್ಡ ನಗಾರಿಯ ಧ್ವನಿ ಮಂದ್ರವಾಗಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಭೇರಿಯ ಶಬ್ದವು ಭಯಂಕರವಾಗಿ ಕೇಳಿದುದಕ್ಕೆ ಇನ್ನೊಂದು ಕಾರಣವೂ ಉಂಟು. ತಂತಿಯು ಮಿಡಿದಾಗ ಅದರ ಮೂಲಸ್ವರದ ಜೊತೆಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಉಪಸ್ವರಗಳು ಹುಟ್ಟುತ್ತವೆ. ಇವು ಪರಸ್ಪರ ಹೊಂದಿಕೊಳ್ಳುವುದರಿಂದ ನಮಗೆ ಖಚಿತವಾದ ಒಂದು ಸ್ವರವು ಕೇಳಿಸುತ್ತದೆ. ಸಮನಾದ ಚರ್ಮದ ಹೊದಿಕೆಯಲ್ಲಿ ಹೀಗಾಗುವುದಿಲ್ಲ. ಮೂಲಕಂಪನವನ್ನು ೧ ಎಂದು ಇಟ್ಟುಕೊಂಡರೆ ಉಳಿದವು ೧.೫೯, ೨.೧೪, ೨.೩೦ ಎಂಬ ಹೊಂದಾಣಿಕೆಯಿಲ್ಲದ ಪ್ರಮಾಣಗಳಲ್ಲಿರುತ್ತವೆ. ಆದುದರಿಂದ ಅಲ್ಲಿ ಸ್ವರಕ್ಕಿಂತ ಗದ್ದಲವೇ ಹೆಚ್ಚು. ನಮ್ಮ ಮೃದಂಗ ತಬಲಗಳು ಈ ನಿಯಮವನ್ನು ಜಾಣತನದಿಂದ ಮೀರಿವೆ. ಚರ್ಮದ ಮೇಲೆ ಹಚ್ಚಿದ ಕರಿಯ ಲೇಪದ ಭಾರದಿಂದ ಅವುಗಳ ಉಪಸ್ವರಗಳು ತಂತಿಯ ಉಪಸ್ವರಗಳಂತೆ ಸಾಲಾಗಿ ನಿಲ್ಲುತ್ತವೆ. ಇದನ್ನು ಚಂದ್ರಶೇಖರ ವೆಂಕಟರಾಮನ್ ಅವರು ಶಿವಕಾಳಿ ಕುಮಾರ್ ಅವರೊಡಗೂಡಿ ೧೯೨೦ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಬೆಂಗಳೂರಿಗೆ ಬಂದು ನೆಲಸಿದ ಮೇಲೆ, ೧೯೩೪ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲನೆಯ ಸಂಪುಟದಲ್ಲಿಯೇ ಅದನ್ನು ವಿಸ್ತರಿಸಿ ಬರೆದರು. ರಣಭೇರಿಯ ಚರ್ಮಕ್ಕೆ ಇಂತಹ ಲೇಪವಿಲ್ಲವಾದರೆ ಅದರ ಧ್ವನಿಯು ರಾಗಕ್ಕೆ ಒಗ್ಗುವಂತಹುದಲ್ಲ. ಎದೆ ನಡುಗಿಸುವುದಕ್ಕೆ ಒಗ್ಗುವಂತಹುದು.

ಪ್ರಾಣಿಗಳ ಕೊರಳಿನ ವಿಷಯವೂ ಹೀಗೆಯೇ. ಗಂಟಲಿನಿಂದ ತುಟಿಯವರೆಗಿನ ದಾರಿಯನ್ನು ಒಂದು ಕೊನೆ ಮುಚ್ಚಿದ ಕೊಳವೆಯೆಂದು ಭಾವಿಸಬಹುದು. ಮನುಷ್ಯನಲ್ಲಿ ಅದರ ಉದ್ದ ಸುಮಾರು ೧೭ ಸೆಂಟಿಮೀಟರು. ಶಬ್ದದ ವೇಗವನ್ನು ಸೆಕೆಂಡಿಗೆ ೩೪೦ ಮೀಟರು ಎಂದು ಹಿಡಿದು ಲೆಕ್ಕ ಹಾಕಿದರೆ ಅಂತಹ ಕೊಳವೆಯ ಮೊದಲನೆಯ ಅನುರಣನವು ಸೆಕೆಂಡಿಗೆ ೫೦೦ ಕಂಪನಗಳ ಬಳಿ ಬರುತ್ತದೆ. ಕೊಳವೆಯು ೩೪ ಸೆಂಟಿಮೀಟರು ಇದ್ದರೆ ಅದು ೨೫೦ಕ್ಕೆ ಇಳಿಯುತ್ತದೆ. ಹೀಗೆ ದೇಹವು ದೊಡ್ಡದಾದಂತೆ ಧ್ವನಿಯ ಮೈಕಟ್ಟೂ ಭಾರವಾಗುತ್ತದೆ. ನಮ್ಮ ಕಿವಿಯು ಈ ಸಂಬಂಧವನ್ನು ಅರಿತಿದೆ. ಕಣ್ಣು ಮುಚ್ಚಿಕೊಂಡಿದ್ದರೂ ಮಗುವಿನ ಮಾತಿಗೂ ದೊಡ್ಡವರ ಮಾತಿಗೂ ಇರುವ ಭೇದವು ನಮಗೆ ತಿಳಿಯುವುದಷ್ಟೆ.

ಎಲ್ಲಿ ನಂಬಿಕೆಯುಂಟೋ ಅಲ್ಲಿ ವಂಚನೆಗೂ ಎಡೆಯುಂಟು. ಯೂರೋಪಿನ ಕೆಂಪು ಜಿಂಕೆಯ ಗಂಡು ಬೆದೆಯ ಕಾಲದಲ್ಲಿ ಕೂಗುವಾಗ ತನ್ನ ಧ್ವನಿಪೆಟ್ಟಿಗೆಯನ್ನು ಎದೆಯ ಮೂಳೆಯ ಕಡೆಗೆ ಎಳೆದುಕೊಂಡು ಗಂಟಲಿನ ದಾರಿಯನ್ನು ಉದ್ದವಾಗಿಸುತ್ತದೆ. ಫಿಚ್ ಮತ್ತು ರೆಬಿ ಎಂಬ ವಿಜ್ಞಾನಿಗಳು ೨೦೦೧ರಲ್ಲಿ ಇದನ್ನು ವರ್ಣಿಸಿದರು. ಕೂಗು ಕೇಳಿದವರಿಗೆ ಜಿಂಕೆಯು ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ತೋರುತ್ತದೆ. ಕಥೆಯ ಭೇರಿಯು ಅರಿಯದೆ ಮಾಡಿದ ಮೋಸವನ್ನು ಪ್ರಕೃತಿಯು ಜಿಂಕೆಯ ಕೊರಳಿನಲ್ಲಿ ನಿಜವಾಗಿಯೇ ಮಾಡಿಟ್ಟಿದೆ.

ಪಶ್ಚಿಮಕ್ಕೆ ಹೋದ ಕಥೆ

ಪಂಚತಂತ್ರವು ಒಂದೇ ದೇಶದಲ್ಲಿ ನಿಂತ ಗ್ರಂಥವಲ್ಲ. ಅದು ಆರನೆಯ ಶತಮಾನದಲ್ಲಿ ಪಾರಸಿಕ ದೇಶದ ಪಹ್ಲವಿ ಭಾಷೆಗೂ, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಎಂಬ ಪಂಡಿತನಿಂದ ಅರಬ್ಬೀ ಭಾಷೆಗೂ ಹೋಯಿತು. ಕರಟಕ ದಮನಕರ ಹೆಸರುಗಳೇ ಅಲ್ಲಿ ಕಲೀಲ ದಿಮ್ನ ಎಂದಾದುವು. ಭೇರಿಯ ಕಥೆಯೂ ಜೊತೆಯಲ್ಲಿಯೇ ಪ್ರಯಾಣ ಮಾಡಿತು. ನಮ್ಮ ಕನ್ನಡದಲ್ಲಿ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಚಂಪುವಾಗಿ ರಚಿಸಿದನು. ಹದಿಮೂರನೆಯ ಶತಮಾನದಲ್ಲಿ ಅರಬ್ಬೀ ಪರಂಪರೆಯ ಕಥೆಗಳು ಸ್ಪೇನಿನ ಭಾಷೆಗೂ ಲ್ಯಾಟಿನ್ನಿಗೂ ಇಳಿದುವು. ಆ ವೇಳೆಗೆ ಯೂರೋಪಿನಲ್ಲಿ ಅಲ್ಲಿಯದೇ ಆದ ಪ್ರಾಣಿಕಥೆಗಳು ಬೆಳೆದು ನಿಂತಿದ್ದುವು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಿಂದ ಫ್ರಾನ್ಸಿನಲ್ಲಿ ರೆನಾರ್ ಎಂಬ ನರಿಯ ಕಥಾಮಾಲೆಯು ಜನರ ಬಾಯಲ್ಲಿ ನಲಿಯುತ್ತಿತ್ತು.

ರೆನಾರ್ ನರಿಯ ಕಥೆಗಳಲ್ಲಿ ಪ್ರಸಿದ್ಧವಾದ ಒಂದು ಕಥೆಯೂ ಧ್ವನಿಗೆ ಸಂಬಂಧಿಸಿದುದೇ. ನರಿಯು ಹುಂಜದ ಬಳಿಗೆ ಬಂದು, "ನಿಮ್ಮ ತಂದೆಯವರು ಕಣ್ಣು ಮುಚ್ಚಿಕೊಂಡು ಎಷ್ಟು ಚೆನ್ನಾಗಿ ಹಾಡುತ್ತಿದ್ದರು!" ಎಂದು ಹೊಗಳುತ್ತದೆ. ಹುಂಜವು ಉಬ್ಬಿಹೋಗಿ ಕಣ್ಣು ಮುಚ್ಚಿ ಕೂಗುತ್ತದೆ; ನರಿಯು ಕತ್ತು ಹಿಡಿದು ಓಡುತ್ತದೆ. ದಾರಿಯಲ್ಲಿ ಹುಂಜವೂ ಅದೇ ಉಪಾಯವನ್ನು ಹೂಡಿ, ಅಟ್ಟಿಬರುವವರನ್ನು ಹಂಗಿಸುವಂತೆ ನರಿಯನ್ನು ಹುರಿದುಂಬಿಸುತ್ತದೆ. ನರಿಯು ಬಾಯಿ ತೆರೆದೊಡನೆ ಹುಂಜವು ಹಾರಿ ಮರವೇರುತ್ತದೆ. ಭೇರಿಯ ಕಥೆಯಲ್ಲಿ ಕಿವಿಯನ್ನು ಕಾಡಿದುದು ಭಯ. ಇಲ್ಲಿ ಕಾಡುವುದು ಸ್ತುತಿ. ಈ ಎರಡು ಎಳೆಗಳನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಕುದುರೆಯ ಮದುವೆಯ ಗದ್ದಲ

ಪ್ರಾಣಿಕಥೆಯಿಂದ ಶಬ್ದಪ್ರಯೋಗವು ಹುಟ್ಟಿದ ಒಂದು ಹಳೆಯ ಉದಾಹರಣೆಯು ಹದಿನಾಲ್ಕನೆಯ ಶತಮಾನದ ಪ್ಯಾರಿಸ್ ನಗರದ್ದು. ೧೩೧೦ ಮತ್ತು ೧೩೧೪ರಲ್ಲಿ ಎರಡು ಭಾಗಗಳಾಗಿ ರಚಿತವಾದ ಫೋವೆಲ್ ಎಂಬ ಕಾವ್ಯದ ನಾಯಕನು ಒಂದು ಕುದುರೆ. ರಾಜರೂ ಧರ್ಮಾಧಿಕಾರಿಗಳೂ ಸಾಲಾಗಿ ಬಂದು ಈ ಕುದುರೆಯ ಮೈಯನ್ನು ತಿಕ್ಕಿ ಓಲೈಸುತ್ತಾರೆ. ಫೋವೆಲ್ ಎಂಬ ಹೆಸರೇ ಒಂದು ಒಗಟು: ಮುಖಸ್ತುತಿ, ಲೋಭ, ನೀಚತನ, ಚಂಚಲತೆ, ಅಸೂಯೆ, ಹೇಡಿತನ ಎಂಬ ಆರು ದುರ್ಗುಣಗಳ ಫ್ರೆಂಚ್ ಹೆಸರುಗಳ ಮೊದಲಕ್ಷರಗಳು ಸೇರಿ ಆ ಹೆಸರಾಗಿದೆ. ರಾಜಸಭೆಯನ್ನು ನೇರವಾಗಿ ನಿಂದಿಸಲು ಹೆದರಿದವರಿಗೆ ಪ್ರಾಣಿಯ ಮುಖವಾಡವು ರಕ್ಷೆಯಾಯಿತು.

ಕೆಲವೇ ವರ್ಷಗಳಲ್ಲಿ ಈ ಕಾವ್ಯದ ವಿಸ್ತೃತ ಪ್ರತಿಯೊಂದು ಸಿದ್ಧವಾಯಿತು. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಆ ಹಸ್ತಪ್ರತಿಯಲ್ಲಿ ಚಿತ್ರಗಳೂ, ೧೬೯ ಸಂಗೀತರಚನೆಗಳೂ ಕಾವ್ಯದ ನಡುವೆ ಸೇರಿಕೊಂಡಿವೆ. ಕುದುರೆಯ ಮದುವೆಯ ರಾತ್ರಿಯ ಚಿತ್ರವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮುಖವಾಡ ತೊಟ್ಟವರು ಪಾತ್ರೆ, ಗಂಟೆ, ತಮಟೆಗಳನ್ನು ಬಡಿಯುತ್ತ ಬೀದಿಯಲ್ಲಿ ಗದ್ದಲವೆಬ್ಬಿಸುತ್ತಿದ್ದಾರೆ. ಊರಿಗೆ ಒಪ್ಪಿಗೆಯಾಗದ ಮದುವೆಯ ಮನೆಯ ಮುಂದೆ ಹೀಗೆ ಗಲಭೆಮಾಡಿ ಅಪಹಾಸ್ಯ ಮಾಡುವ ವಾಡಿಕೆಯು ಆ ದೇಶದಲ್ಲಿತ್ತು. ಗದ್ದಲವು ಇಲ್ಲಿ ಸಂಗೀತದ ಶತ್ರುವಲ್ಲ. ಸಂಗೀತವು ಹೇಳಲಾರದುದನ್ನು ಹೇಳುವ ಸಾಧನ.

ಅದೇ ಹಸ್ತಪ್ರತಿಯಲ್ಲಿ ಫಿಲಿಪ್ ದ ವಿತ್ರಿಯದೆಂದು ವಿದ್ವಾಂಸರು ಹೇಳುವ ಒಂದು ರಚನೆಯಿದೆ. ಅದರಲ್ಲಿ ಹುಂಜವು ಗೋಳಿಡುತ್ತದೆ. ನರಿಯು ಕುರುಡು ಸಿಂಹದ ಹೆಸರಿನಲ್ಲಿ ರಾಜ್ಯಭಾರ ಮಾಡುತ್ತದೆ. ಹುಂಜವೆಂದರೆ ಫ್ರಾನ್ಸಿನ ಪ್ರಜೆಗಳು. ಸಿಂಹವೆಂದರೆ ನಾಲ್ಕನೆಯ ಫಿಲಿಪ್ ದೊರೆ. ನರಿಯೆಂದರೆ ೧೩೧೫ರಲ್ಲಿ ಗಲ್ಲಿಗೇರಿದ ಅವನ ಮಂತ್ರಿ ಆಂಗರಾಂ ದ ಮಾರಿನ್ಯಿ. ಮೇಲಿನ ಎರಡು ಕಂಠಗಳು ಬೇರೆ ಬೇರೆ ಸಾಹಿತ್ಯವನ್ನು ಒಂದೇ ಕಾಲದಲ್ಲಿ ಹಾಡುತ್ತವೆ. ಕೆಳಗಿನ ಆಧಾರಕಂಠದ ಸ್ವರಲಿಪಿಯಲ್ಲಿ ಎರಡು ಬಣ್ಣದ ಮಸಿಯಿದೆ. ಕಪ್ಪು ಸ್ವರಗಳಲ್ಲಿ ಕಾಲವನ್ನು ಮೂರುಮೂರಾಗಿ ಎಣಿಸಬೇಕು. ಕೆಂಪು ಬಂದಲ್ಲಿ ಎರಡೆರಡಾಗಿ ಎಣಿಸಬೇಕು. ಒಂದೇ ಪಂಕ್ತಿಯಲ್ಲಿ ಹೀಗೆ ನಡೆ ಬದಲಾಯಿಸುವುದು ಆಗಿನ ಕಾಲಕ್ಕೆ ಹೊಸ ಸಾಹಸ. ಕೆಂಪು ಸ್ವರಗಳು ಉಳಿದುಬಂದಿರುವ ಅತ್ಯಂತ ಹಳೆಯ ರಚನೆಗಳಲ್ಲಿ ಇದೂ ಒಂದು. ನರಿಯ ಕುಟಿಲತೆಯನ್ನು ಹೇಳಹೊರಟವನು ಕಾಲವನ್ನು ಬರೆಯುವ ಹೊಸ ವಿಧಾನವನ್ನೂ ಬಳಕೆಗೆ ತಂದನೆಂಬುದು ಗಮನಾರ್ಹ.

ದೇಹ ಒಂದು ಕಡೆ, ದನಿ ಒಂದು ಕಡೆ

ಆರುನೂರು ವರ್ಷಗಳ ತರುವಾಯ ಆ ನರಿಯೇ ಇನ್ನೊಬ್ಬ ಪ್ರಯೋಗಶೀಲನ ಕೈಗೆ ಸಿಕ್ಕಿತು. ರಷ್ಯದ ಈಗೊರ್ ಸ್ಟ್ರಾವಿನ್‌ಸ್ಕಿಯು ೧೯೧೫-೧೬ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿದ್ದಾಗ ರೆನಾರ್ ಎಂಬ ನಾಟ್ಯಕೃತಿಯನ್ನು ರಚಿಸಿದನು. ಕಥೆಯನ್ನು ಅವನು ತೆಗೆದುಕೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ ಅಫನಾಸ್ಯೇವ್ ಸಂಗ್ರಹಿಸಿದ ರಷ್ಯದ ಜನಪದ ಕಥೆಗಳಿಂದ. ನರಿಯು ಸನ್ಯಾಸಿನಿಯ ವೇಷದಲ್ಲಿ ಬಂದು ಹುಂಜವನ್ನು ಮರುಳುಮಾಡುತ್ತದೆ. ಬೆಕ್ಕು ಮತ್ತು ಆಡು ಅದನ್ನು ಬಿಡಿಸುತ್ತವೆ. ಮಧ್ಯಯುಗದ ಹುಂಜ ನರಿಗಳ ಕಥೆಗೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟವಾಗಿದೆ.

ಈ ಕೃತಿಯ ಪ್ರಯೋಗವು ಎರಡು ಬಗೆಯದು. ಮೊದಲನೆಯದು ವಾದ್ಯದ ಆಯ್ಕೆ. ಸ್ಟ್ರಾವಿನ್‌ಸ್ಕಿಯು ಜಿನೀವದಲ್ಲಿ ಹಂಗೇರಿಯ ಸಿಂಬಲಂ ವಾದ್ಯವನ್ನು ಕೇಳಿ ಮೆಚ್ಚಿ, ತಾನೂ ಒಂದನ್ನು ಕೊಂಡು, ಈ ಕೃತಿಯಲ್ಲಿ ಅದಕ್ಕೆ ಪ್ರಮುಖ ಸ್ಥಾನವನ್ನು ಕೊಟ್ಟನು. ನಮ್ಮ ಸಂತೂರಿನಂತೆ ತಂತಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯವದು. ಎರಡನೆಯದು ಇನ್ನೂ ಮುಖ್ಯವಾದುದು. ರಂಗದ ಮೇಲೆ ನರಿ, ಹುಂಜ, ಬೆಕ್ಕು, ಆಡುಗಳಾಗಿ ಕುಣಿಯುವವರು ಬಾಯಿ ಬಿಡುವುದಿಲ್ಲ. ನಾಲ್ವರು ಗಾಯಕರು ವಾದ್ಯಗಾರರ ನಡುವೆ ಕುಳಿತು ಹಾಡುತ್ತಾರೆ. ಇಂತಹ ಗಾಯಕನು ಇಂತಹ ಪ್ರಾಣಿಯೆಂಬ ನಿಯಮವೂ ಇಲ್ಲ. ಹೀಗೆ ದೇಹವು ಒಂದು ಕಡೆ, ದನಿ ಇನ್ನೊಂದು ಕಡೆ. ೧೯೨೨ರ ಮೇ ೧೮ರಂದು ಪ್ಯಾರಿಸಿನಲ್ಲಿ ಇದರ ಮೊದಲ ಪ್ರದರ್ಶನವನ್ನು ಕಂಡವರು, ನೋಡುವುದಕ್ಕೂ ಕೇಳುವುದಕ್ಕೂ ಇರುವ ಗಂಟು ಬಿಚ್ಚಿಹೋದುದನ್ನೂ ಕಂಡರು.

ತೆರೆಯ ಹಿಂದಿನ ಶಬ್ದ

ಆ ಗಂಟನ್ನು ಪೂರ್ತಿಯಾಗಿ ಕಡಿದುದು ಧ್ವನಿಮುದ್ರಣಯಂತ್ರ. ಫ್ರಾನ್ಸಿನ ಬಾನುಲಿಯಲ್ಲಿ ಎಂಜಿನಿಯರಾಗಿದ್ದ ಪಿಯೇರ್ ಶೆಫರ್ ೧೯೪೮ರಲ್ಲಿ ಪ್ಯಾರಿಸಿನ ಬಾತಿನ್ಯೊಲ್ ರೈಲು ನಿಲ್ದಾಣಕ್ಕೆ ಹೋಗಿ ಎಂಜಿನುಗಳ ಶಬ್ದವನ್ನು ಮುದ್ರಿಸಿಕೊಂಡು ಬಂದನು. ಅವುಗಳನ್ನು ಕತ್ತರಿಸಿ, ಜೋಡಿಸಿ, ಮತ್ತೆಮತ್ತೆ ನುಡಿಸಿ ಒಂದು ರಚನೆಯನ್ನು ಮಾಡಿದನು. ಆ ವರ್ಷದ ಅಕ್ಟೋಬರ್ ೫ರಂದು ಇದೂ ಇಂತಹ ಇತರ ರಚನೆಗಳೂ ಬಾನುಲಿಯಲ್ಲಿ ಪ್ರಸಾರವಾದುವು. ಸ್ವರಲಿಪಿಯಿಂದಲ್ಲದೆ ನಿಜವಾದ ಶಬ್ದಗಳಿಂದಲೇ ಕಟ್ಟಿದುದರಿಂದ ಇದನ್ನು ಅವನು ಮೂರ್ತಸಂಗೀತವೆಂಬ ಅರ್ಥದ ಹೆಸರಿನಿಂದ ಕರೆದನು. ಶೆಫರನು ಪಂಚತಂತ್ರದಿಂದ ಸ್ಫೂರ್ತಿಗೊಂಡನೆಂದು ನಾವು ಹೇಳುತ್ತಿಲ್ಲ. ಆದರೆ ಅವನ ಪ್ರಯೋಗಗಳಷ್ಟು ಚೆನ್ನಾಗಿ ಭೇರಿಯ ಕಥೆಯನ್ನು ವಿವರಿಸಬಲ್ಲವು ಬೇರೆಯಿಲ್ಲ.

ಅವುಗಳಲ್ಲಿ ಎರಡನ್ನು ನೋಡೋಣ. ಆಗಿನ ಧ್ವನಿತಟ್ಟೆಯು ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿತ್ತು. ತಟ್ಟೆಯ ಗೀರು ಸುರುಳಿಯಾಗಿ ಮುಂದೆ ಸಾಗದೆ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವಿನಂತೆ ಮುಚ್ಚಿದ ವೃತ್ತವಾದರೆ, ಸುಮಾರು ೦.೭೭ ಸೆಕೆಂಡಿನ ಶಬ್ದವು ಕೊನೆಯಿಲ್ಲದೆ ಮರುಕಳಿಸುತ್ತದೆ. ರೈಲಿನ ಶಬ್ದವನ್ನು ಹೀಗೆ ಕೇಳುತ್ತಿದ್ದರೆ ಸ್ವಲ್ಪ ಹೊತ್ತಿನ ಮೇಲೆ ರೈಲು ಮರೆತುಹೋಗಿ ಲಯ, ಏರಿಳಿತ, ಒರಟುತನಗಳು ಮಾತ್ರ ಉಳಿಯುತ್ತವೆ. ಎರಡನೆಯದು ಗಂಟೆಯ ಪ್ರಯೋಗ. ಗಂಟೆಯ ಧ್ವನಿಯಲ್ಲಿ ಬಡಿತದ ಮೊದಲ ಕ್ಷಣವನ್ನು ಕತ್ತರಿಸಿಹಾಕಿ, ಉಳಿದ ಅನುರಣನವನ್ನು ಮಾತ್ರ ಕೇಳಿಸಿದಾಗ ಅದು ಗಂಟೆಯೆಂದು ತೋರಲಿಲ್ಲ. ಓಬೋ ಎಂಬ ಊದುವಾದ್ಯದಂತೆ ಕೇಳಿಸಿತು. ಶಬ್ದದ ಗುರುತು ಅದರ ಆರಂಭದ ಅತ್ಯಲ್ಪಕಾಲದಲ್ಲಿ ಎಷ್ಟರಮಟ್ಟಿಗೆ ಅಡಗಿದೆಯೆಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಮಾಣ ಬೇಕಿಲ್ಲ.

ಪೈಥಾಗೊರಸನು ಶಿಷ್ಯರಿಗೆ ತೆರೆಯ ಹಿಂದೆ ಕುಳಿತು ಪಾಠ ಹೇಳುತ್ತಿದ್ದನೆಂಬ ಐತಿಹ್ಯವುಂಟು. ಮೂಲವನ್ನು ಕಾಣದೆ ಶಬ್ದವನ್ನು ಕೇಳುವ ಸ್ಥಿತಿಗೆ ಶೆಫರನು ಆ ಐತಿಹ್ಯದಿಂದಲೇ ಬಂದ ಪದವನ್ನು ಬಳಸಿ, ೧೯೬೬ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಅದನ್ನು ವಿಚಾರ ಮಾಡಿದನು. ಇದು ಏನು, ಯಾರು ಮಾಡಿದರು ಎಂಬ ಪ್ರಶ್ನೆಗಳನ್ನು ಸ್ವಲ್ಪ ಕಾಲ ತಡೆಹಿಡಿದು, ಶಬ್ದದ ಮೈಯನ್ನೇ ಗಮನಿಸಬೇಕೆಂಬುದು ಅವನ ಬೋಧೆ. ನಮ್ಮ ಗೋಮಾಯುವು ತಪ್ಪಿದುದು ಇಲ್ಲಿಯೇ. ಅದು ಶಬ್ದವನ್ನು ಕೇಳಲೇ ಇಲ್ಲ. ಮೊದಲು ತನ್ನ ಭಯವನ್ನು ಕೇಳಿತು, ಆಮೇಲೆ ತನ್ನ ಹಸಿವನ್ನು ಕೇಳಿತು. ಭೇರಿಯು ಎರಡು ಸಲವೂ ಒಂದೇ ಶಬ್ದವನ್ನು ಮಾಡಿತು.

ನಾವೇ ಮಾಡಬಹುದಾದ ಪ್ರಯೋಗ

ಶೆಫರನಿಗೆ ಬಾನುಲಿಯ ಪ್ರಯೋಗಶಾಲೆ ಬೇಕಾಗಿತ್ತು. ಇಂದಿನ ವಿದ್ಯಾರ್ಥಿಗೆ ಒಂದು ಮೊಬೈಲ್ ಫೋನು, ಒಂದು ಕಂಪ್ಯೂಟರು, ಮತ್ತು ಆಡಾಸಿಟಿಯಂತಹ ಉಚಿತ ಧ್ವನಿಸಂಪಾದನೆಯ ತಂತ್ರಾಂಶ ಸಾಕು. ನಾಲ್ಕು ಹಂತಗಳಲ್ಲಿ ಭೇರಿಯ ಕಥೆಯನ್ನು ಮಾತಿಲ್ಲದೆ ಶಬ್ದದಲ್ಲಿಯೇ ಕಟ್ಟೋಣ.

ಮೊದಲನೆಯದು ಸಂಗ್ರಹ. ತಮಟೆ ಅಥವಾ ಡೋಲಿನ ಒಂದೊಂದೇ ಪೆಟ್ಟು, ಒಣರೆಂಬೆಯ ಕೆರೆತ, ಎಲೆಗಳ ಮರ್ಮರ, ತರಗೆಲೆಯ ಮೇಲಿನ ಹೆಜ್ಜೆ, ಹಳೆಯ ಬಟ್ಟೆಯನ್ನು ಹರಿಯುವ ಶಬ್ದ, ಖಾಲಿ ಕೊಡದೊಳಗಿನ ನಿಶ್ಶಬ್ದ, ಹಸುವಿನ ಅಂಬಾ ಎಂಬ ಕೂಗು: ಇಷ್ಟನ್ನು ಮುದ್ರಿಸಿಕೊಳ್ಳಬೇಕು. ಹಸುವಿನ ಒಡೆಯರ ಅಪ್ಪಣೆ ಪಡೆಯಬೇಕು. ಯಾವ ಪ್ರಾಣಿಯನ್ನೂ ಕೂಗಲೆಂದು ಕೆಣಕಬಾರದು.

ಎರಡನೆಯದು ವೇಗದ ಬದಲಾವಣೆ. ಹಸುವಿನ ಕೂಗನ್ನು ಅರ್ಧ ವೇಗದಲ್ಲಿ ನುಡಿಸಿರಿ. ಕಾಲವು ಇಮ್ಮಡಿಯಾಗಿ, ಕಂಪನಾಂಕಗಳೆಲ್ಲ ಅರ್ಧಕ್ಕಿಳಿಯುತ್ತವೆ. ಹಿಂದೆ ಹೇಳಿದ ಕೊಳವೆಯ ಲೆಕ್ಕವನ್ನು ನೆನೆದರೆ, ಗಂಟಲಿನ ದಾರಿಯನ್ನು ಎರಡರಷ್ಟು ಉದ್ದ ಮಾಡಿದಂತಾಯಿತು. ಪಿಂಗಲಕನು ಕೇಳಿದ ಮಹಾಪ್ರಾಣಿಯು ಹೀಗೆ ನಮ್ಮ ಕೊಟ್ಟಿಗೆಯಿಂದಲೇ ಹುಟ್ಟುತ್ತದೆ. ಕೆಲವು ತಂತ್ರಾಂಶಗಳಲ್ಲಿ ಸ್ವರವನ್ನು ಬದಲಿಸದೆ ಕಾಲವನ್ನು ಮಾತ್ರ ಹಿಗ್ಗಿಸುವ ಸೌಕರ್ಯವೂ ಇದೆ. ಇಲ್ಲಿ ಬೇಕಾದುದು ಅದಲ್ಲ, ಎರಡೂ ಒಟ್ಟಿಗೆ ಬದಲಾಗುವ ಸೌಕರ್ಯ.

ಮೂರನೆಯದು ಆರಂಭವನ್ನು ಕತ್ತರಿಸುವುದು. ಡೋಲಿನ ಪೆಟ್ಟಿನ ಮೊದಲ ೦.೦೫ ಸೆಕೆಂಡನ್ನು ತೆಗೆದುಹಾಕಿರಿ. ಸೆಕೆಂಡಿಗೆ ೩೮ ಸೆಂಟಿಮೀಟರು ಓಡುವ ಹಳೆಯ ಟೇಪಿನಲ್ಲಿ ಇದು ಸುಮಾರು ೨ ಸೆಂಟಿಮೀಟರಿನ ತುಂಡು. ಸೆಕೆಂಡಿಗೆ ೪೪,೧೦೦ ಮಾದರಿಗಳನ್ನು ತೆಗೆಯುವ ಇಂದಿನ ಮುದ್ರಣದಲ್ಲಿ ೨,೨೦೫ ಮಾದರಿಗಳು. ಕತ್ತರಿಸಿದ ಜಾಗದಲ್ಲಿ ಟಕ್ ಎಂಬ ಹೊಸ ಶಬ್ದವು ಹುಟ್ಟಬಹುದಾದುದರಿಂದ ಉಳಿದ ಶಬ್ದವು ಮೆಲ್ಲನೆ ಏರುವಂತೆ ಮಾಡಬೇಕು. ಟೇಪನ್ನು ಕತ್ತರಿಸುತ್ತಿದ್ದವರು ಇದೇ ಕಾರಣದಿಂದ ಅದನ್ನು ಓರೆಯಾಗಿ ಕತ್ತರಿಸುತ್ತಿದ್ದರು. ಈಗ ಕೇಳಿದರೆ ಪೆಟ್ಟು ಮಾಯವಾಗಿ, ಎಲ್ಲಿಂದಲೋ ಬರುವ ಹೂಂಕಾರವೊಂದು ಉಳಿದಿರುತ್ತದೆ. ಫೋನಿನ ಪುಟ್ಟ ಧ್ವನಿವರ್ಧಕವು ಮಂದ್ರ ಕಂಪನಗಳನ್ನು ಸರಿಯಾಗಿ ಹೊರಡಿಸಲಾರದು. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳುವುದು ಉತ್ತಮ.

ನಾಲ್ಕನೆಯದು ಜೋಡಣೆ. ಮೊದಲು ಎಲೆಗಳ ಮರ್ಮರದ ನಡುವೆ ದೂರದ ಹೂಂಕಾರ. ದೂರವನ್ನು ತೋರಿಸಲು ಶಬ್ದವನ್ನು ತಗ್ಗಿಸಿದರೆ ಸಾಲದು. ಬಯಲಿನಲ್ಲಿ ದೂರವು ಇಮ್ಮಡಿಯಾದಾಗ ಶಬ್ದದ ಮಟ್ಟವು ಸುಮಾರು ೬ ಡೆಸಿಬೆಲ್ ಇಳಿಯುವುದಲ್ಲದೆ, ಬಹುದೂರದಿಂದ ಬರುವ ಶಬ್ದದಲ್ಲಿ ತಾರಕಂಪನಗಳನ್ನು ಗಾಳಿಯು ಹೆಚ್ಚಾಗಿ ಹೀರಿಕೊಂಡಿರುತ್ತದೆ. ಆದಕಾರಣ ತಾರಸ್ಥಾಯಿಯನ್ನು ಕುಗ್ಗಿಸಿ ಆರಂಭಿಸಿ, ನರಿಯ ಹೆಜ್ಜೆಗಳು ಮುಂದುವರಿದಂತೆ ಅದನ್ನು ಬಿಡುತ್ತ ಬರಬೇಕು. ನರಿಯು ಗಿಡವನ್ನು ತಲುಪಿದ ಕ್ಷಣದಲ್ಲಿ, ಕತ್ತರಿಸಿದ್ದ ಆ ೦.೦೫ ಸೆಕೆಂಡನ್ನು ಮತ್ತೆ ಸೇರಿಸಿರಿ. ಹೂಂಕಾರವು ಒಮ್ಮೆಗೆ ಡೋಲಾಗಿಬಿಡುತ್ತದೆ! ಆಮೇಲೆ ಹರಿಯುವ ಶಬ್ದ. ಕೊನೆಗೆ ಖಾಲಿ ಕೊಡದ ಪೊಳ್ಳು.

ಇದನ್ನು ಗೆಳೆಯರಿಗೆ ಕೇಳಿಸುವಾಗ ಕಥೆಯ ಹೆಸರನ್ನು ಹೇಳಬೇಡಿರಿ. ನಡುವೆ ಒಮ್ಮೆ ನಿಲ್ಲಿಸಿ, ಇದು ಯಾವುದರ ಶಬ್ದ, ಅದರ ಗಾತ್ರವೆಷ್ಟು ಎಂದು ಪ್ರತಿಯೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಲಿ. ಕೊನೆಯಲ್ಲಿ ಇನ್ನೊಮ್ಮೆ ಬರೆಯಲಿ. ಎರಡು ಚೀಟಿಗಳನ್ನು ಹೋಲಿಸಿದರೆ, ಕೇಳುವುದೆಂದರೆ ಎಷ್ಟರಮಟ್ಟಿಗೆ ಊಹಿಸುವುದು ಎಂಬುದು ಅವರಿಗೂ ನಮಗೂ ಮನವರಿಕೆಯಾಗುತ್ತದೆ. ಕಲೆಯೂ ವಿಜ್ಞಾನವೂ ಇಲ್ಲಿ ಒಂದೇ ಮೇಜಿನ ಮೇಲೆ ಕೂಡಿವೆ.

ಕಥೆಯ ಉಳಿದ ಭಾಗ

ದಮನಕನು ಭೇರಿಯ ಕಥೆಯನ್ನು ಹೇಳಿ ಸಿಂಹದ ಭಯವನ್ನು ಹೋಗಲಾಡಿಸಿದನೆಂಬಲ್ಲಿಗೆ ಅನೇಕರು ಈ ಕಥೆಯನ್ನು ನಿಲ್ಲಿಸುತ್ತಾರೆ. ಆದರೆ ಮೊದಲನೆಯ ತಂತ್ರವು ಅಲ್ಲಿಗೆ ಮುಗಿಯುವುದಿಲ್ಲ. ಸಿಂಹವೂ ಎತ್ತೂ ಗೆಳೆಯರಾಗುತ್ತಾರೆ. ಅದನ್ನು ಸಹಿಸದ ದಮನಕನು ಇಬ್ಬರ ಕಿವಿಯಲ್ಲಿಯೂ ವಿಷ ತುಂಬುತ್ತಾನೆ. ಕೊನೆಗೆ ಪಿಂಗಲಕನು ತನ್ನ ಗೆಳೆಯನನ್ನು ತಾನೇ ಕೊಲ್ಲುತ್ತಾನೆ. ಸಿಂಹವು ಹೆದರಿದ್ದು ಗುಟುರಿಗೆ. ಅದು ಯಾರಿಗೂ ಕೇಡು ಮಾಡಲಿಲ್ಲ. ಸಿಂಹವು ನಂಬಿದ್ದು ನಯವಾದ ಮಾತಿಗೆ. ಅದು ಕೊಲೆ ಮಾಡಿಸಿತು. ಹುಂಜದ ಕತ್ತನ್ನು ಹಿಡಿದುದೂ, ಫೋವೆಲ್ ಕುದುರೆಯ ಮೈಯನ್ನು ತಿಕ್ಕಿದುದೂ ಇಂತಹ ನಯವಾದ ಮಾತೇ.

ಇದು ಹಳೆಯ ಕಾಲದ ಮಾತಷ್ಟೇ ಆಗಿ ಉಳಿದಿಲ್ಲ. ಒಬ್ಬರ ಧ್ವನಿಯ ಸ್ವಲ್ಪ ಮುದ್ರಣವಿದ್ದರೆ ಅವರಾಡದ ಮಾತನ್ನು ಅವರ ದನಿಯಲ್ಲಿಯೇ ಆಡಿಸುವ ಗಣಕಯಂತ್ರದ ವಿದ್ಯೆಯು ಇಂದು ಬಳಕೆಗೆ ಬಂದಿದೆ. ದೂರವಾಣಿಯಲ್ಲಿ ಬಂಧುಗಳ ದನಿಯನ್ನು ಅನುಕರಿಸಿ ಹಣ ಕಿತ್ತುಕೊಳ್ಳುವ ವಂಚನೆಗಳೂ ನಡೆದಿವೆ. ಅವು ನಮ್ಮನ್ನು ಹಿಡಿಯುವುದು ಭಯದಿಂದ, ಇಲ್ಲವೆ ಆಸೆಯಿಂದ. ಗೋಮಾಯುವನ್ನು ಹಿಡಿದುದೂ ಇವೆರಡೇ. ತೆರೆಯ ಹಿಂದಿನ ಶಬ್ದವನ್ನು ಕೇಳಿ ಅಭ್ಯಾಸವಿರುವ ಕಿವಿಯು, ಕೇಳಿದೊಡನೆ ಓಡುವುದಿಲ್ಲ, ಕೇಳಿದೊಡನೆ ಬಾಯಿ ಹಾಕುವುದೂ ಇಲ್ಲ. ಶಬ್ದವು ಏನೇನನ್ನು ಹೇಳಬಲ್ಲದು, ಯಾವುದನ್ನು ಹೇಳಲಾರದು ಎಂಬುದನ್ನು ಅದು ಬಲ್ಲದು. ಉಳಿದುದನ್ನು ತಿಳಿಯಲು ಎದ್ದು ಹೋಗಿ ನೋಡಬೇಕು. ಸಂದೇಹ ಬಂದ ಕರೆಯನ್ನು ಕೆಳಗಿಟ್ಟು, ನಮಗೆ ಗೊತ್ತಿರುವ ಸಂಖ್ಯೆಗೆ ನಾವೇ ಕರೆ ಮಾಡಬೇಕು. ಆ ನರಿಯು ಪೊ಴ದೆಯತ್ತ ಇಟ್ಟ ಮೊದಲ ಹೆಜ್ಜೆಯಲ್ಲಿ ತಪ್ಪೇನೂ ಇರಲಿಲ್ಲ. ಆ ಹೆಜ್ಜೆಯನ್ನು ನಾವು ಅದರಿಂದ ಕಲಿಯೋಣ; ಹಲ್ಲೂರಿದುದನ್ನು ಅದಕ್ಕೇ ಬಿಟ್ಟುಬಿಡೋಣ.